ಗಳಿಗೆಗೆ ಹತ್ತು ಸಾವಿರ ಮೈಲಿ

ತಾಯ್ನಾಡನ್ನು ಬಿಟ್ಟು ಬಂದವರ ಬದುಕಿನಲ್ಲಿ ಮೊಟ್ಟಮೊದಲು ರೂಢಿಯಾಗುವ ವಿದ್ಯೆಯೆಂದರೆ ಅಳತೆಗಳ ಪರಿವರ್ತನೆ. ದುಬೈಗೋ ಅಬುಧಾಬಿಗೋ ಬಂದಿಳಿದ ಕನ್ನಡಿಗರು ಮೊದಲ ಕೆಲವು ತಿಂಗಳು ದಿರ್ಹಮನ್ನು ರೂಪಾಯಿಗೆ ತಿರುಗಿಸಿ ನೋಡದೆ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಕೊಳ್ಳುವುದಿಲ್ಲ. ಊರಿಗೆ ದೂರವಾಣಿ ಮಾಡುವ ಮುನ್ನ ಗಡಿಯಾರಕ್ಕೆ ಒಂದೂವರೆ ಗಂಟೆಯನ್ನು ಕೂಡಿಸುತ್ತೇವೆ. ಚಿನ್ನದಂಗಡಿಯಲ್ಲಿ ತೊಲ, ಪವನು, ಗ್ರಾಂ ಮೂರನ್ನೂ ಮನಸ್ಸಿನಲ್ಲಿಯೇ ತೂಗುತ್ತೇವೆ. ಹಳಬರಿಗೆ ಇಲ್ಲಿ ಪೆಟ್ರೋಲನ್ನು ಗ್ಯಾಲನ್ ಲೆಕ್ಕದಲ್ಲಿ ಹಾಕಿಸಿದ ನೆನಪೂ ಇದೆ. ಗ್ಯಾಲನ್ ಹೋಗಿ ಲೀಟರು ಬಂದದ್ದು 2010ರಲ್ಲಿ.

ಎರಡು ದಶಕಗಳಿಂದ ದುಬೈಯಲ್ಲಿ ಲೆಕ್ಕಪತ್ರದ ವೃತ್ತಿಯಲ್ಲಿರುವ ನನಗೆ ಇಂತಹ ಪರಿವರ್ತನೆ ನಿತ್ಯದ ಕಾಯಕ. ಈ ಸ್ಮರಣ ಸಂಚಿಕೆಗಾಗಿ ನಾನು ಆರಿಸಿಕೊಂಡಿರುವುದು ಅವುಗಳಲ್ಲೆಲ್ಲ ದೊಡ್ಡದಾದ ಒಂದು ಅಂಕಿಯನ್ನು. ಊರು ಬಿಡಲು ಟಿಕೆಟ್ಟು ಬೇಕು. ಭೂಮಿಯನ್ನೇ ಬಿಡಲು ಎಷ್ಟು ವೇಗ ಬೇಕು? ಇದಕ್ಕೆ ನಮ್ಮ ಪಠ್ಯಪುಸ್ತಕಗಳು ಇಟ್ಟಿರುವ ಹೆಸರು ವಿಮೋಚನಾ ವೇಗ. ನಾವು ಹುಟ್ಟಿದ ನಾಡಿನ ಬೆಂಗಳೂರು, ನಾವು ದುಡಿಯುವ ನಾಡಿನ ದುಬೈ, ಎರಡೂ ಈ ವೇಗವನ್ನು ಒಂದು ದಶಕದೊಳಗೆ ಸಾಧಿಸಿ ಮಂಗಳ ಗ್ರಹದವರೆಗೆ ನೌಕೆಗಳನ್ನು ಕಳುಹಿಸಿವೆ. ಅಷ್ಟಾದರೂ ನಮ್ಮ ಮಕ್ಕಳಿಗೆ ಆ ಅಂಕಿ ಪರೀಕ್ಷೆಗೆ ಬಾಯಿಪಾಠ ಮಾಡುವ ಒಂದು ಸಾಲಾಗಿಯೇ ಉಳಿದಿದೆ. ಅದು ನಮ್ಮದಾಗಬೇಕಾದರೆ ನಾವು ಬದುಕುವ ಅಳತೆಗಳಿಗೆ ಇಳಿದು ಬರಬೇಕು ಎಂಬುದು ನನ್ನ ನಂಬಿಕೆ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ನ್ಯೂಟನ್ ತೀರಿಕೊಂಡ ಮರುವರ್ಷ, 1728ರಲ್ಲಿ, ಪ್ರಕಟವಾದ ಅವನ ಗ್ರಂಥವೊಂದರಲ್ಲಿ ಎತ್ತರದ ಬೆಟ್ಟದ ತುದಿಯಿಂದ ವಸ್ತುವನ್ನು ಅಡ್ಡಲಾಗಿ ಎಸೆಯುವ ಒಂದು ಕಲ್ಪನೆಯಿದೆ. ಮೆಲ್ಲಗೆ ಎಸೆದರೆ ಹತ್ತಿರ ಬೀಳುತ್ತದೆ. ಜೋರಾಗಿ ಎಸೆದರೆ ದೂರ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ನೆಲಕ್ಕೆ ಬೀಳದೆ ಭೂಮಿಯನ್ನು ಸುತ್ತತೊಡಗುತ್ತದೆ. ಅದಕ್ಕೂ ಮೀರಿದ ಒಂದು ಮಿತಿಯ ಆಚೆಗೆ ಅದು ಮರಳಿ ಬರುವುದೇ ಇಲ್ಲ. ಆ ಮಿತಿಯೇ ವಿಮೋಚನಾ ವೇಗ. ಗುರುತ್ವದ ವೇಗೋತ್ಕರ್ಷವನ್ನು ಇಮ್ಮಡಿ ಮಾಡಿ, ಭೂಮಿಯ ತ್ರಿಜ್ಯದಿಂದ ಗುಣಿಸಿ, ವರ್ಗಮೂಲ ತೆಗೆದರೆ ಉತ್ತರ ದೊರೆಯುತ್ತದೆ: ಭೂಮಿಯ ಮೇಲ್ಮೈಯಲ್ಲಿ ಸೆಕೆಂಡಿಗೆ 11.186 ಕಿಲೋಮೀಟರು. ಗಾಳಿಯ ತಡೆಯನ್ನು ಈ ಲೆಕ್ಕ ಹಿಡಿದಿಲ್ಲ. ಎಸೆದ ವಸ್ತು ಕೊನೆಯವರೆಗೂ ಅದೇ ವೇಗದಲ್ಲಿ ಸಾಗುತ್ತದೆ ಎಂಬ ಅರ್ಥವೂ ಇದಕ್ಕಿಲ್ಲ. ಮೇಲೇರುತ್ತ ಏರುತ್ತ ಅದರ ವೇಗ ಕುಗ್ಗುತ್ತದೆ. ಪೂರ್ತಿ ಕುಗ್ಗಿ ನಿಲ್ಲುವುದಿಲ್ಲ, ಅಷ್ಟೆ.

ಸೆಕೆಂಡಿಗೆ ಕಿಲೋಮೀಟರು ಎಂಬ ಅಳತೆಯನ್ನು ನಿತ್ಯಜೀವನದಲ್ಲಿ ಯಾರೂ ಬಳಸುವುದಿಲ್ಲ. ನಮ್ಮ ರಸ್ತೆಯ ಫಲಕಗಳು ಮಾತನಾಡುವುದು ಗಂಟೆಯ ಲೆಕ್ಕದಲ್ಲಿ. ಗಂಟೆಗೆ 3,600 ಸೆಕೆಂಡು. ಗುಣಿಸಿದರೆ ಗಂಟೆಗೆ ಸುಮಾರು 40,270 ಕಿಲೋಮೀಟರು. ಮೈಲಿಯಲ್ಲಿ ಗಂಟೆಗೆ ಸುಮಾರು 25,020. ನಾವಿಕರ ಅಳತೆಯಾದ ನಾಟಿನಲ್ಲಿ ಸುಮಾರು 21,740. ಪತ್ರಿಕೆಗಳನ್ನು ತೆರೆದರೆ ಇದೇ ವೇಗಕ್ಕೆ ಒಮ್ಮೆ 40,270, ಒಮ್ಮೆ 40,320, ಒಮ್ಮೆ 39,600 ಎಂಬ ಅಂಕಿಗಳು ಕಾಣಸಿಗುತ್ತವೆ. ಇದರಲ್ಲಿ ಗುಟ್ಟೇನೂ ಇಲ್ಲ. 11.186ನ್ನು ಮೊದಲೇ 11.2 ಎಂದು ದುಂಡಗೆ ಮಾಡಿ ಗುಣಿಸಿದರೆ 40,320 ಬರುತ್ತದೆ. ಬರಿಯ 11 ಎಂದು ಇಟ್ಟುಕೊಂಡರೆ 39,600. ನಮ್ಮ ವೃತ್ತಿಯಲ್ಲಿ ಗುಣಾಕಾರ ಮುಗಿದ ಮೇಲೆ ಚಿಲ್ಲರೆ ಬಿಡಬೇಕೇ ಹೊರತು ಮೊದಲೇ ಬಿಡಬಾರದು ಎಂದು ಕಲಿಸುತ್ತಾರೆ. ಆಕಾಶದ ಲೆಕ್ಕಕ್ಕೂ ಅದೇ ನಿಯಮ. ಇನ್ನೊಂದು ಕಾರಣವೂ ಉಂಟು. ನೆಲದಿಂದ 250 ಕಿಲೋಮೀಟರು ಎತ್ತರದಲ್ಲಿ ಭೂಮಿಯ ಸೆಳೆತ ಕೊಂಚ ಸಡಿಲಗೊಂಡು, ಬೇಕಾದ ವೇಗ ಸೆಕೆಂಡಿಗೆ 10.97 ಕಿಲೋಮೀಟರಿಗೆ, ಅಂದರೆ ಗಂಟೆಗೆ ಸುಮಾರು 39,480ಕ್ಕೆ ಇಳಿಯುತ್ತದೆ.

ಶೇಖ್ ಜಾಯೆದ್ ರಸ್ತೆಯಲ್ಲಿ ಗಂಟೆಗೆ 120 ಕಿಲೋಮೀಟರಿನಂತೆ ಓಡುವ ಕಾರನ್ನು ನೆನೆಯಿರಿ. ವಿಮೋಚನಾ ವೇಗ ಅದರ 335 ಪಾಲಿಗೂ ಹೆಚ್ಚು. ದುಬೈಯಿಂದ ಅಬುಧಾಬಿಗೆ ಸುಮಾರು 140 ಕಿಲೋಮೀಟರು. ಈ ವೇಗದಲ್ಲಿ ಹನ್ನೆರಡೂವರೆ ಸೆಕೆಂಡು. ಬೆಂಗಳೂರಿನಿಂದ ದುಬೈಗೆ ಆಕಾಶಮಾರ್ಗದಲ್ಲಿ ಸುಮಾರು 2,700 ಕಿಲೋಮೀಟರು, ನಾಲ್ಕೇ ನಿಮಿಷ. ವಿಮಾನದಲ್ಲಿ ಆಸನದ ಪಟ್ಟಿ ಬಿಗಿದುಕೊಳ್ಳುವುದರೊಳಗೆ ಊರು ಬಂದೇ ಬಿಟ್ಟಿತು!

ಈಗ ಇದೇ ಅಂಕಿಯನ್ನು ನಮ್ಮ ಹಿರಿಯರ ಅಳತೆಗಳಿಗೆ ತಿರುಗಿಸೋಣ. ಇದು ಬರಿಯ ವಿನೋದವಲ್ಲ. ಅಳತೆಗಳ ಪರಿವರ್ತನೆಯನ್ನು ಶಾಸ್ತ್ರವಾಗಿ ಬೆಳೆಸಿದ ನಾಡು ನಮ್ಮದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೇ ಕ್ಷೇತ್ರ, ಕಾಲ, ಧಾನ್ಯ, ಸುವರ್ಣ ಮುಂತಾದವುಗಳ ಮಾನಗಳನ್ನು ಒಂದರಿಂದೊಂದಕ್ಕೆ ಕಟ್ಟಿ ಕೊಟ್ಟಿದ್ದಾನೆ. ಒಂದು ಅಳತೆಯನ್ನು ಇನ್ನೊಂದಕ್ಕೆ ಒಯ್ಯುವ ತ್ರೈರಾಶಿಕಕ್ಕೆ ಆ ಗ್ರಂಥದಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು ಗಣಿತವನ್ನು ಕನ್ನಡದಲ್ಲಿಯೇ ಹೇಳಬಹುದೆಂದು ತೋರಿಸಿದನು.

ನಮ್ಮ ಹಳೆಯ ದಾರಿಗಳ ಅಳತೆ ಹರದಾರಿ ಮತ್ತು ಗಾವುದ. ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವಿದ್ದರೂ ಹರದಾರಿಯೆಂದರೆ ಸುಮಾರು ಮೂರು ಮೈಲಿ, ಗಾವುದವೆಂದರೆ ಸುಮಾರು ಹನ್ನೆರಡು ಮೈಲಿ ಎಂಬುದು ರೂಢಿ. ಕಾಲದ ಅಳತೆ ಗಳಿಗೆ. ದಿನಕ್ಕೆ ಅರವತ್ತು ಗಳಿಗೆ, ಆದ್ದರಿಂದ ಒಂದು ಗಳಿಗೆಗೆ 24 ನಿಮಿಷ. ಗಂಟೆಗೆ 25,020 ಮೈಲಿಯನ್ನು ಗಳಿಗೆಗೆ ತಿರುಗಿಸಿದರೆ ಬರುವುದು 10,008 ಮೈಲಿ. ಎಂಟು ಮೈಲಿ ಬಿಟ್ಟರೆ ಗಳಿಗೆಗೆ ಹತ್ತು ಸಾವಿರ ಮೈಲಿ! ಯಾವ ಪಠ್ಯಪುಸ್ತಕದ ಅಂಕಿಗಿಂತಲೂ ಇದು ನೆನಪಿನಲ್ಲಿಡಲು ಸುಲಭ. ಗಾವುದದಲ್ಲಿ ಹೇಳುವುದಾದರೆ ಗಳಿಗೆಗೆ ಸುಮಾರು 834 ಗಾವುದ. ಕಾಲ್ನಡಿಗೆಯ ಪಯಣಿಗನಿಗೆ ಒಂದೆರಡು ಗಾವುದವೇ ಒಂದು ದಿನದ ದಾರಿಯಾಗಿತ್ತು.

ಮತ್ತೊಂದು ಸೊಗಸಾದ ಹೊಂದಾಣಿಕೆಯೂ ಇಲ್ಲಿದೆ. ಭೂಮಧ್ಯರೇಖೆಯ ಸುತ್ತಳತೆ 40,075 ಕಿಲೋಮೀಟರು. ವಿಮೋಚನಾ ವೇಗವೂ ಗಂಟೆಗೆ ಹೆಚ್ಚುಕಡಮೆ ಅಷ್ಟೇ. ಎಂದರೆ, ಗಂಟೆಗೆ ಒಂದು ಭೂಪ್ರದಕ್ಷಿಣೆಯಷ್ಟು ದೂರ, ಅಥವಾ ಎರಡೂವರೆ ಗಳಿಗೆಗೆ ಒಂದು ಪ್ರದಕ್ಷಿಣೆ. ಆದರೆ ನಿಜವಾಗಿ ಭೂಮಿಗೆ ಅಂಟಿಕೊಂಡಂತೆ ಪ್ರದಕ್ಷಿಣೆ ಹಾಕುವ ವಸ್ತುವಿಗೆ ಅಷ್ಟು ವೇಗ ಬೇಡ, ಸೆಕೆಂಡಿಗೆ 7.9 ಕಿಲೋಮೀಟರು ಸಾಕು, ಅದಕ್ಕೆ ಹಿಡಿಯುವ ಕಾಲ ಮೂರೂವರೆ ಗಳಿಗೆ. ಮೂರೂವರೆ ಗಳಿಗೆಯ ವೇಗದಲ್ಲಿರುವವನು ಸುತ್ತುತ್ತಲೇ ಇರುತ್ತಾನೆ. ಎರಡೂವರೆ ಗಳಿಗೆಯ ವೇಗ ಪಡೆದವನು ಬಿಟ್ಟು ಹೋಗುತ್ತಾನೆ. ಇವೆರಡರ ನಡುವಣ ಪ್ರಮಾಣವೇ ಎರಡರ ವರ್ಗಮೂಲ. 2019ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಯು.ಎ.ಇ.ಯ ಪ್ರಥಮ ಗಗನಯಾತ್ರಿ ಹಜ್ಜಾ ಅಲ್ ಮನ್ಸೂರಿ ಅವರೂ, 2023ರಲ್ಲಿ ಅಲ್ಲಿ ಆರು ತಿಂಗಳು ಕಳೆದ ಸುಲ್ತಾನ್ ಅಲ್ ನೆಯಾದಿ ಅವರೂ ಸುತ್ತುವ ಗುಂಪಿಗೆ ಸೇರಿದವರು. ವಿಮೋಚನಾ ವೇಗ ಅವರಿಗೆ ಬೇಕಾಗಿರಲಿಲ್ಲ.

ಭೂಮಿಯ ಗಾತ್ರ ಗೊತ್ತಿಲ್ಲದೆ ಈ ಯಾವ ಲೆಕ್ಕವೂ ನಡೆಯದು. ಆ ಅರಿವಿನಲ್ಲಿ ನಮ್ಮ ಎರಡೂ ನಾಡುಗಳ ಹಿರಿಯರಿಗೆ ಪಾಲಿದೆ. ಐದನೆಯ ಶತಮಾನದ ಕೊನೆಯಲ್ಲಿ ಆರ್ಯಭಟನು ಭೂಮಿಯ ವ್ಯಾಸವನ್ನು 1,050 ಯೋಜನವೆಂದು ಹೇಳಿದನು. ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಗ್ದಾದಿನ ಖಲೀಫ ಅಲ್ ಮಾಮೂನನು ವಿದ್ವಾಂಸರನ್ನು ಸಿಂಜಾರ್ ಬಯಲಿಗೆ ಕಳುಹಿಸಿ, ಉತ್ತರ ದಕ್ಷಿಣವಾಗಿ ಒಂದು ಡಿಗ್ರಿಗೆ ಎಷ್ಟು ನೆಲವೆಂದು ಅಳೆಯಿಸಿದನು. ಅಲ್ ಮಾಮೂನನೂ ನಮ್ಮ ನೃಪತುಂಗನೂ ಸಮಕಾಲೀನರು ಎಂಬುದು ಗಮನಾರ್ಹ. ಅದೇ ಶತಮಾನದಲ್ಲಿ, ಕ್ರಿ.ಶ. 851ರ ಅರಬ್ಬಿ ಪ್ರವಾಸ ಕಥನವೊಂದು, ಬಲ್ಹರಾ ಎಂದು ಅರಬ್ಬರು ಕರೆಯುತ್ತಿದ್ದ ರಾಷ್ಟ್ರಕೂಟ ದೊರೆಯನ್ನು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು.

ಕೊಲ್ಲಿಯ ನಾವಿಕರ ಅಳತೆಗಳನ್ನೂ ಮರೆಯುವಂತಿಲ್ಲ. ಇಂದಿನ ರಾಸ್ ಅಲ್ ಖೈಮಾದ ಬಳಿಯ ಜುಲ್ಫಾರಿನವನಾದ ಅಹ್ಮದ್ ಇಬ್ನ್ ಮಾಜಿದ್ ಹದಿನೈದನೆಯ ಶತಮಾನದ ಹೆಸರಾಂತ ನಾವಿಕ. ಅವನ ಕಾಲದವರು ನಕ್ಷತ್ರದ ಎತ್ತರವನ್ನು ಬೆರಳಿನ ಅಗಲದಿಂದ ಅಳೆಯುತ್ತಿದ್ದರು. ಕಡಲ ದಾರಿಯನ್ನು ‘ಝಾಮ್’ ಎಂಬ ಮಾನದಿಂದ ಅಳೆಯುತ್ತಿದ್ದರು. ಝಾಮ್ ಎಂದರೆ ಮೂರು ಗಂಟೆಯ ಕಾಲ ಹಡಗು ಸಾಗುವಷ್ಟು ದೂರ; ದಿನಕ್ಕೆ ಎಂಟು ಝಾಮ್. ಕೇಳಿದೊಡನೆ ನಮಗೆ ಜಾವ ನೆನಪಾಗುತ್ತದೆಯಲ್ಲವೆ? ನಮ್ಮ ಜಾವವೂ ಮೂರು ಗಂಟೆ, ದಿನಕ್ಕೆ ಎಂಟೇ. ಅರಬ್ಬಿ ಪದದ ಮೂಲ ಸಂಸ್ಕೃತದ ಯಾಮವೇ ಇರಬಹುದೆಂಬ ಊಹೆಯೂ ಇದೆ. ಜಾವಕ್ಕೆ ವಿಮೋಚನಾ ವೇಗ ಸುಮಾರು 1,20,800 ಕಿಲೋಮೀಟರು. ಅದೇ ವೇಗ ಉಳಿಯುವುದಾದರೆ ಮೂರು ಜಾವ ಕಳೆದು ಸ್ವಲ್ಪ ಹೊತ್ತಿಗೆ ಚಂದ್ರನನ್ನು ಮುಟ್ಟಬೇಕಾಗಿತ್ತು. ಭೂಮಿಯ ಸೆಳೆತ ವೇಗವನ್ನು ಹಿಂದೆಳೆಯುವುದರಿಂದ 1969ರ ಜುಲೈಯಲ್ಲಿ ಅಪೋಲೋ 11ಕ್ಕೆ ಚಂದ್ರನ ಕಕ್ಷೆ ಸೇರಲು ಮೂರು ದಿನಗಳು ಹಿಡಿದವು.

ಮಾನವ ನಿರ್ಮಿತ ನೌಕೆಯೊಂದು ವಿಮೋಚನಾ ವೇಗವನ್ನು ಮೊದಲು ದಾಟಿದ್ದು 1959ರ ಜನವರಿ 2ರಂದು ಸೋವಿಯತ್ ಒಕ್ಕೂಟ ಹಾರಿಸಿದ ಲೂನಾ 1ರಲ್ಲಿ. ಆ ವರ್ಷ ನಮ್ಮ ಎರಡು ನಾಡುಗಳ ಅಳತೆಯ ಇತಿಹಾಸದಲ್ಲಿಯೂ ಒಂದು ತಿರುವು. ಭಾರತದಲ್ಲಿ 1957ರ ಏಪ್ರಿಲಿನಲ್ಲಿ ನಯಾ ಪೈಸೆ ಬಂದಿತ್ತು. 1958ರ ಅಕ್ಟೋಬರಿನಿಂದ ಸೇರು, ಮಣಗಳನ್ನು ಸರಿಸಿ ಕಿಲೋಗ್ರಾಂ ಕಾಲಿಡತೊಡಗಿತ್ತು. ಕೊಲ್ಲಿಯ ಈ ತೀರದಲ್ಲಿ ಆಗ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿಯೇ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರತಂದಿತು; ಅದೇ ಗಲ್ಫ್ ರೂಪಾಯಿ. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾದ ಮೇಲೆ ಆ ನಂಟು ಕಳಚಿತು. ಅಬುಧಾಬಿ ಬಹರೈನಿನ ದಿನಾರನ್ನೂ, ದುಬೈ ಕೊನೆಗೆ ಕತಾರ್-ದುಬೈ ರಿಯಾಲನ್ನೂ ಬಳಸಿದವು. ಒಕ್ಕೂಟ ಸ್ಥಾಪನೆಯಾದ ಬಳಿಕ 1973ರ ಮೇ ತಿಂಗಳಲ್ಲಿ ದಿರ್ಹಮ್ ಬಂದಿತು. 1966ರವರೆಗೆ ನಮ್ಮವರಿಗೆ ಬೇಕಿಲ್ಲದಿದ್ದ ಪರಿವರ್ತನೆ ಅಲ್ಲಿಂದ ಮುಂದೆ ನಿತ್ಯದ ಪಾಠವಾಯಿತು.

ಇನ್ನು ಬೆಂಗಳೂರಿನ ಕಥೆ. ಭಾರತದ ಪ್ರಥಮ ಉಪಗ್ರಹ ಆರ್ಯಭಟವನ್ನು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಕಟ್ಟಲಾಯಿತು. ಆ ತಂಡದ ನೇತಾರರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಡಾ. ಯು. ಆರ್. ರಾವ್ ಅವರು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ಆರ್ಯಭಟ ಸುತ್ತುವ ವೇಗವನ್ನು ಪಡೆಯಿತು. ಬಿಟ್ಟು ಹೋಗುವ ವೇಗಕ್ಕೆ ನಾಡು ಇನ್ನೂ ಮೂವತ್ತೆಂಟು ವರ್ಷ ಕಾಯಬೇಕಿತ್ತು.

2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಮಂಗಳಯಾನ ಹೊರಟಿತು. ಅದನ್ನು ಹೊತ್ತ ಪಿ.ಎಸ್.ಎಲ್.ವಿ. ರಾಕೆಟ್ಟಿಗೆ ನೌಕೆಯನ್ನು ನೇರವಾಗಿ ವಿಮೋಚನಾ ವೇಗಕ್ಕೆ ಒಯ್ಯುವ ಕಸುವಿರಲಿಲ್ಲ. ಆದುದರಿಂದ ನಮ್ಮ ವಿಜ್ಞಾನಿಗಳು ಮಧ್ಯಮ ವರ್ಗದ ಗೃಹಸ್ಥರು ಹಿಡಿಯುವ ದಾರಿಯನ್ನೇ ಹಿಡಿದರು: ಕಂತಿನಲ್ಲಿ ಪಾವತಿ. ಮೊದಲ ಕಕ್ಷೆಯ ದೂರದ ತುದಿ 23,550 ಕಿಲೋಮೀಟರು. ಭೂಮಿಗೆ ಸಮೀಪದ ತುದಿಯಲ್ಲಿ ನೌಕೆಯ ವೇಗ, ನನ್ನ ಲೆಕ್ಕದಂತೆ, ಗಂಟೆಗೆ ಸುಮಾರು 35,700 ಕಿಲೋಮೀಟರು. ನೌಕೆ ಪ್ರತಿ ಸಲ ಭೂಮಿಯ ಸಮೀಪ ಬಂದಾಗ ಅದರ ಸ್ವಂತ ಯಂತ್ರವನ್ನು ಸ್ವಲ್ಪ ಹೊತ್ತು ಉರಿಸಿ ವೇಗ ಏರಿಸಲಾಯಿತು. ನವೆಂಬರ್ 11ರ ಕಂತು ಪೂರ್ತಿ ಸಲ್ಲಲಿಲ್ಲ. ಸೆಕೆಂಡಿಗೆ 130 ಮೀಟರು ಹೆಚ್ಚಬೇಕಿದ್ದ ವೇಗ 35 ಮೀಟರಷ್ಟೇ ಹೆಚ್ಚಿತು. ಮರುದಿನವೇ ಬಾಕಿ ತುಂಬಲಾಯಿತು. ನವೆಂಬರ್ 16ರ ಹೊತ್ತಿಗೆ ದೂರದ ತುದಿ 1,92,874 ಕಿಲೋಮೀಟರು. ಸಮೀಪದ ವೇಗ ಗಂಟೆಗೆ ಸುಮಾರು 38,800. ವಿಮೋಚನೆಗೆ ಇನ್ನು ಬೇಕಾದದ್ದು ಗಂಟೆಗೆ ಆರೇಳು ನೂರು ಕಿಲೋಮೀಟರು ಮಾತ್ರ.

ಕಡೆಯ ಕಂತು ಡಿಸೆಂಬರ್ 1ರ ನಡುರಾತ್ರಿ 12 ಗಂಟೆ 49 ನಿಮಿಷಕ್ಕೆ ಸಂದಿತು; ದುಬೈಯಲ್ಲಿ ಆಗ ಇನ್ನೂ ನವೆಂಬರ್ 30ರ ರಾತ್ರಿ ಹನ್ನೊಂದು ಗಂಟೆ ಹತ್ತೊಂಬತ್ತು ನಿಮಿಷ. ಸುಮಾರು ಇಪ್ಪತ್ತೆರಡು ನಿಮಿಷ, ಎಂದರೆ ಒಂದು ಗಳಿಗೆಗೆ ತುಸು ಕಡಮೆ, ಯಂತ್ರ ಉರಿದು ಸೆಕೆಂಡಿಗೆ 648 ಮೀಟರು, ಗಂಟೆಗೆ ಹೇಳುವುದಾದರೆ 2,330 ಕಿಲೋಮೀಟರು ಕೂಡಿಸಿತು. ಬೇಕಾದದ್ದಕ್ಕಿಂತ ಹೆಚ್ಚಿನ ಪಾಲು ಮಂಗಳದ ದಾರಿಖರ್ಚು. ಆಜ್ಞೆಗಳು ಹೊರಟದ್ದು ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರದಿಂದಲೇ. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳದ ಕಕ್ಷೆಯನ್ನು ಸೇರಿತು; 2022ರಲ್ಲಿ ಅದರೊಡನೆ ಸಂಪರ್ಕ ಕಡಿದುಹೋಗುವವರೆಗೆ ಅಲ್ಲಿ ಸುತ್ತುತ್ತ ಕೆಲಸ ಮಾಡಿತು.

ದುಬೈಯ ಅಲ್ ಖವಾನೀಜಿನಲ್ಲಿರುವ ಮೊಹಮ್ಮದ್ ಬಿನ್ ರಾಶಿದ್ ಬಾಹ್ಯಾಕಾಶ ಕೇಂದ್ರದ ಕಥೆಯೂ ಕುತೂಹಲಕರ. ಅದರ ನೆರವಿನಿಂದ ಶಾರ್ಜಾದ ಅಮೆರಿಕನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದುಡಿದ ನಾಯಿಫ್ 1 ಎಂಬ ಪುಟ್ಟ ಉಪಗ್ರಹವನ್ನು 2017ರ ಫೆಬ್ರವರಿ 15ರಂದು ಕಕ್ಷೆಗೆ ಏರಿಸಿದ್ದು ನಮ್ಮದೇ ಪಿ.ಎಸ್.ಎಲ್.ವಿ.; ಒಂದೇ ಬಾರಿಗೆ 104 ಉಪಗ್ರಹಗಳನ್ನು ಹೊತ್ತ ಆ ಪ್ರಸಿದ್ಧ ಉಡಾವಣೆಯಲ್ಲಿ. ಬಳಿಕ ಬಂದದ್ದು ‘ಅಲ್ ಅಮಲ್’, ಎಂದರೆ ಭರವಸೆ ಎಂಬ ಹೆಸರಿನ ಮಂಗಳ ನೌಕೆ. 2020ರ ಜುಲೈ 20ರಂದು, ಯು.ಎ.ಇ. ಕಾಲಮಾನ ಬೆಳಗಿನ ಜಾವ 1 ಗಂಟೆ 58 ನಿಮಿಷಕ್ಕೆ, ಜಪಾನಿನ ತಾನೆಗಾಶಿಮಾದಿಂದ ಎಚ್-2ಎ ರಾಕೆಟ್ಟಿನ ಮೇಲೆ ಅದು ಹೊರಟಿತು. ಮಂಗಳಯಾನದ ತೂಕ 1,337 ಕಿಲೋ. ಅಲ್ ಅಮಲ್ ಸುಮಾರು 1,350 ಕಿಲೋ. ಹೆಚ್ಚುಕಡಮೆ ಒಂದೇ ತೂಕದ ಎರಡು ನೌಕೆಗಳು, ಒಂದೇ ಗ್ರಹ, ಒಂದೇ ವಿಮೋಚನಾ ವೇಗ. ಆದರೆ ಬೆಂಗಳೂರು ಇಪ್ಪತ್ತೈದು ದಿನಗಳ ಕಂತಿನಲ್ಲಿ ತೆತ್ತ ಬೆಲೆಯನ್ನು ದುಬೈ ಬಲಿಷ್ಠವಾದ ರಾಕೆಟ್ಟನ್ನು ಗೊತ್ತುಮಾಡಿಕೊಂಡು ಸುಮಾರು ಒಂದು ಗಂಟೆಯೊಳಗೆ ಇಡಿಗಂಟಾಗಿ ತೆತ್ತಿತು. ಯಾವುದು ಮೇಲೆಂದು ಕೇಳುವುದು ತರವಲ್ಲ. ಕೈಯಲ್ಲಿರುವುದನ್ನು ನೋಡಿ ದಾರಿ ಹುಡುಕುವುದೇ ಜಾಣತನ.

ಅಲ್ ಅಮಲ್ 2021ರ ಫೆಬ್ರವರಿ 9ರಂದು ಮಂಗಳವನ್ನು ತಲುಪಿದಾಗ ಇಲ್ಲಿನ ಪತ್ರಿಕೆಗಳಲ್ಲಿ ಒಂದು ಅಂಕಿ ವ್ಯಾಪಕವಾಗಿ ಪ್ರಕಟವಾಯಿತು: 27 ನಿಮಿಷ ಯಂತ್ರಗಳನ್ನು ಉರಿಸಿ ವೇಗವನ್ನು ಗಂಟೆಗೆ 1,21,000 ಕಿಲೋಮೀಟರಿನಿಂದ 18,000ಕ್ಕೆ ಇಳಿಸಲಾಯಿತು. ಓದುಗರು ಒಮ್ಮೆ ಭಾಗಾಕಾರ ಮಾಡಿ ನೋಡಬೇಕು. ಮೊದಲ ಅಂಕಿ ಸೆಕೆಂಡಿಗೆ 33.6 ಕಿಲೋಮೀಟರು, ಎರಡನೆಯದು ಸೆಕೆಂಡಿಗೆ 5. ಭೂಮಿಯೇ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿಲೋಮೀಟರಿನಂತೆ ಸುತ್ತುತ್ತಿದೆ. ಆದ್ದರಿಂದ ಮೊದಲ ಅಂಕಿ ಸೂರ್ಯನಿಗೆ ಹೋಲಿಸಿದ ಪಯಣದ ವೇಗವೆಂದೂ, ಎರಡನೆಯದು ಮಂಗಳಕ್ಕೆ ಹೋಲಿಸಿದ ವೇಗವೆಂದೂ ತಿಳಿಯುವುದೇ ಸರಿ. ಆ ಪುಟ್ಟ ಯಂತ್ರಗಳು 27 ನಿಮಿಷದಲ್ಲಿ ನಿಜವಾಗಿ ಕಳೆಯಬಲ್ಲ ವೇಗ ಸೆಕೆಂಡಿಗೆ ಒಂದೆರಡು ಕಿಲೋಮೀಟರಿನೊಳಗಿನದು. ವೇಗವನ್ನು ಹೇಳುವಾಗ ಎಷ್ಟು ಎಂಬುದರ ಜೊತೆಗೆ ಯಾವುದಕ್ಕೆ ಹೋಲಿಸಿ ಎಂಬುದನ್ನೂ ಹೇಳಬೇಕು. ದಿರ್ಹಮನ್ನೂ ರೂಪಾಯಿಯನ್ನೂ ಒಂದೇ ಕಲಮಿನಲ್ಲಿ ಬರೆದರೆ ಜಮಾಖರ್ಚು ಕೂಡುವುದಿಲ್ಲವಷ್ಟೆ?

ಇಂತಹ ಎಚ್ಚರ ತಪ್ಪಿದರೆ ತೆರಬೇಕಾದ ದಂಡ ದೊಡ್ಡದು. 1999ರ ಸೆಪ್ಟೆಂಬರ್ 23ರಂದು ಅಮೆರಿಕದ ಮಾರ್ಸ್ ಕ್ಲೈಮೆಟ್ ಆರ್ಬಿಟರ್ ನೌಕೆ ಮಂಗಳದ ಬಾಗಿಲಲ್ಲಿಯೇ ನಷ್ಟವಾಯಿತು. ಭೂಮಿಯ ಮೇಲಿನ ಒಂದು ಗಣಕ ಕಾರ್ಯಕ್ರಮ ನೂಕುಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತು. ಅದನ್ನು ಬಳಸಿದವರು ನ್ಯೂಟನ್ ಮಾನದಲ್ಲಿದೆಯೆಂದು ತಿಳಿದರು. ಎರಡಕ್ಕೂ ನಡುವೆ ನಾಲ್ಕೂವರೆ ಪಾಲಿನಷ್ಟು ಅಂತರ. ಅಂಕಿ ಸರಿಯಿತ್ತು, ಮಾನದ ಹೆಸರು ಮರೆತಿತ್ತು, ನೌಕೆ ಉಳಿಯಲಿಲ್ಲ.

ಸಮ್ಮೇಳನಕ್ಕೆ ಬಂದಿರುವ ಪ್ರತಿನಿಧಿ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೆ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದು ವಿಜ್ಞಾನ ಕನ್ನಡದಲ್ಲಿ ಮಾತನಾಡಬಲ್ಲದೆಂದು ತೋರಿದರು. ಹೊರನಾಡುಗಳಲ್ಲಿ ನಾವು ನಡೆಸುವ ಕನ್ನಡ ತರಗತಿಗಳಲ್ಲಿ ವರ್ಣಮಾಲೆ, ಹಾಡು, ಕಥೆಗಳಿಗೆ ಸ್ಥಾನವಿದೆ. ಲೆಕ್ಕಕ್ಕೆ ಮಾತ್ರ ಬಾಗಿಲು ಮುಚ್ಚಿದೆ. ಹೀಗಾಗಿ ಮಕ್ಕಳು ಕನ್ನಡವನ್ನು ಅಜ್ಜಿಯೊಡನೆ ಮಾತನಾಡುವ ಭಾಷೆಯೆಂದೂ, ಎಣಿಸಲು ಅಳೆಯಲು ಬೇರೆ ಭಾಷೆ ಬೇಕೆಂದೂ ತಿಳಿಯುತ್ತಾರೆ. ಎಣಿಸಲು ಬಾರದ ಭಾಷೆ ಎರಡನೆಯ ತಲೆಮಾರಿನಾಚೆ ಉಳಿಯುವುದು ಕಷ್ಟ. ವರ್ಷಕ್ಕೆ ನಾಲ್ಕು ಪಾಠಗಳನ್ನಾದರೂ ಗಳಿಗೆ, ಜಾವ, ಹರದಾರಿ, ಗಾವುದಗಳಿಗೆ ಮೀಸಲಿಡೋಣ. ಹಳೆಯದನ್ನು ಮರಳಿ ತರಲೆಂದಲ್ಲ. ಒಂದು ಅಳತೆಯಿಂದ ಇನ್ನೊಂದಕ್ಕೆ ಎಚ್ಚರದಿಂದ ದಾಟುವ ಅಭ್ಯಾಸ ಕನ್ನಡದಲ್ಲಿಯೇ ಆಗಲೆಂದು. ಭೂಮಿಯನ್ನು ಬಿಡಲು ಎಷ್ಟು ವೇಗ ಬೇಕೆಂದು ಮಗು ಕೇಳಿದರೆ, ಗಳಿಗೆಗೆ ಹತ್ತು ಸಾವಿರ ಮೈಲಿ ಎಂದು ಹೇಳಿ, ಉಳಿದ ಗುಣಾಕಾರಕ್ಕೆ ಪೆನ್ಸಿಲನ್ನು ಅದರ ಕೈಗೇ ಕೊಡೋಣ.